ಯಾವ ಸಿಮೆಟ್ರಿ ಅಂತ ಮೊದಲು ಕೇಳು

ದಾವಣಗೆರೆ

ಚಿ. ಸೌಮ್ಯಾಗೆ ಚಿಕ್ಕಪ್ಪನ ಆಶೀರ್ವಾದಗಳು.

ನಿನ್ನ ಪಿಎಚ್‌ಡಿ ವಿಷಯ ಕೇಳಿ ತುಂಬಾ ಖುಷಿಯಾಯಿತು. ಆದರೆ ಫೋನಿನಲ್ಲಿ ನೀನು, "ಮ್ಯಾನಿಫೋಲ್ಡಿಗೆ ಸಿಮೆಟ್ರಿ ಇದ್ದರೆ ಪಾಸಿಟಿವ್ ಸ್ಕೇಲರ್ ಕರ್ವೇಚರ್ ಬಂದೇ ಬರುತ್ತೆ ಅಲ್ವಾ?" ಅಂದೆ. ಅಲ್ಲಿ ಸ್ವಲ್ಪ ನಿಲ್ಲು ಮಗಳೇ. ಮ್ಯಾನಿಫೋಲ್ಡ್ ಅಂದರೆ ಎಷ್ಟೇ ಆಯಾಮದ್ದಾದರೂ ನುಣುಪಾದ ಮೇಲ್ಮೈಯಂಥ ಆಕಾರ, ಸ್ಕೇಲರ್ ಕರ್ವೇಚರ್ ಅಂದರೆ ಒಂದೊಂದು ಬಿಂದುವಿನಲ್ಲೂ ಅದರ ಬಾಗುವಿಕೆಯನ್ನು ಹೇಳುವ ಒಂದು ಸಂಖ್ಯೆ.

ಪಿ.ಬಿ. ರೋಡಿನ ಹೋಟೆಲಿನಲ್ಲಿ ನೀನು ಇಷ್ಟಪಟ್ಟು ತಿನ್ನುವ ಉದ್ದಿನವಡೆಯನ್ನೇ ತಗೋ. ಅದರ ಮೇಲ್ಮೈ ಟೋರಸ್. ಹೊರ ಅಂಚು ಉಬ್ಬಿದೆ, ಅಲ್ಲಿ ಕರ್ವೇಚರ್ ಪಾಸಿಟಿವ್. ತೂತಿನ ಒಳಗಡೆ ನೆಗೆಟಿವ್. ಎಲ್ಲ ಕೂಡಿಸಿದರೆ ಸೊನ್ನೆ. ಹೇಗೆ ಹಿಗ್ಗಿಸಿ ಕುಗ್ಗಿಸಿದರೂ ಗೌಸ್–ಬೊನೆ ಪ್ರಮೇಯದ ಪ್ರಕಾರ ಸೊನ್ನೆಯೇ. ಹಾಗಾಗಿ ಎಲ್ಲ ಕಡೆ ಪಾಸಿಟಿವ್ ಮಾಡಲು ಆಗುವುದಿಲ್ಲ. ಆದರೆ ತೂತಿನ ಸುತ್ತ ಎಷ್ಟು ತಿರುಗಿಸಿದರೂ ವಡೆ ಹಾಗೇ ಕಾಣುತ್ತದೆ. ಸಿಮೆಟ್ರಿಗೇನು ಕೊರತೆ? ಆಯಾಮ ಎಷ್ಟೇ ಇರಲಿ, ಟೋರಸ್ಸಿಗೆ ಎಲ್ಲ ಕಡೆ ಪಾಸಿಟಿವ್ ಸ್ಕೇಲರ್ ಕರ್ವೇಚರ್ ಸಾಧ್ಯವಿಲ್ಲ ಅಂತ ಗ್ರೊಮೋವ್ ಮತ್ತು ಲಾಸನ್ ತೋರಿಸಿದರು.

ಈಗ 1974ರ ಲಾಸನ್–ಯೌ ಪ್ರಮೇಯ ನೋಡು. ಕಾಂಪ್ಯಾಕ್ಟ್ (ಅಂಚಿಲ್ಲದ, ಅನಂತಕ್ಕೆ ಹರಡದ) ಮ್ಯಾನಿಫೋಲ್ಡಿನ ಮೇಲೆ ಎಸ್‌ಒ(3), ಅಂದರೆ ಮೂರು ಆಯಾಮದ ತಿರುಗುವಿಕೆಗಳ ಗ್ರೂಪ್, ಅಥವಾ ಅದರ ಹತ್ತಿರದ ಬಂಧು ಎಸ್‌ಯು(2) ಸುಮ್ನೆ ಕೂರದೆ ನಿಜವಾಗಿ ಚಲಿಸಿದರೆ ಪಾಸಿಟಿವ್ ಮೆಟ್ರಿಕ್, ಅಂದರೆ ಎಲ್ಲ ಕಡೆ ಸ್ಕೇಲರ್ ಕರ್ವೇಚರ್ ಪಾಸಿಟಿವ್ ಆಗುವಂತೆ ದೂರ ಅಳೆಯುವ ವಿಧಾನ, ಸಿಗುತ್ತದೆ. ಇವುಗಳ ಆರ್ಬಿಟ್‌ಗಳಿಗೆ (ಗ್ರೂಪ್ ಚಲಿಸುವಾಗ ಒಂದು ಬಿಂದು ಹೋಗಿ ಮುಟ್ಟುವ ಜಾಗಗಳೆಲ್ಲ ಸೇರಿದ್ದು) ಸ್ವಂತ ಕರ್ವೇಚರ್ ಇದೆ. ಆರ್ಬಿಟ್ ಕುಗ್ಗಿಸುತ್ತಾ ಹೋದಂತೆ ಅದು ಜಾಸ್ತಿಯಾಗಿ ಉಳಿದದ್ದನ್ನೆಲ್ಲ ಮೀರಿಸುತ್ತದೆ. ವೃತ್ತದ ಗ್ರೂಪಿಗೆ, ಅಂದರೆ ವಡೆ ತಿರುಗಿಸಿದಂಥ ಸುತ್ತುವಿಕೆಗೆ, ಅಂಥ ಬಂಡವಾಳವೇ ಇಲ್ಲ. ಆರ್ಬಿಟ್ ಒಂದೇ ಬಿಂದುವಾಗುವ ಜಾಗದಲ್ಲಿ ಮಾತ್ರ ಈ ಉಪಾಯ ನೇರವಾಗಿ ನಡೆಯದು. ಆ ಭಾಗವನ್ನು ಪೆನ್ನು ಹಿಡಿದೇ ಓದು, ಹಾರಿಸಬೇಡ.

ಹಾಗಂತ ವೃತ್ತವನ್ನು ಕಡೆಗಣಿಸಬೇಡ. ವೃತ್ತದ ಕ್ರಿಯೆಯಲ್ಲಿ ಕದಲದೆ ಉಳಿಯುವ ಬಿಂದುಗಳ ಒಂದು ಭಾಗದ ಆಯಾಮ ಮ್ಯಾನಿಫೋಲ್ಡಿಗಿಂತ ಸರಿಯಾಗಿ ಎರಡು ಕಡಿಮೆ ಇದ್ದರೆ ಸಾಕು, ಅದೇ ಸಿಮೆಟ್ರಿ ಉಳಿಸಿಕೊಂಡ ಪಾಸಿಟಿವ್ ಮೆಟ್ರಿಕ್ ಇದೆ. 2016ರಲ್ಲಿ ಪ್ರಕಟವಾದ ವೀಮೆಲರ್ ಅವರ ಫಲಿತಾಂಶ ಇದು. ತಿರುಗುವ ಗೋಳದಲ್ಲಿ ಎರಡು ಧ್ರುವಗಳು ಕದಲುವುದಿಲ್ಲ; ಗೋಳದ ಮೇಲ್ಮೈಯ ಆಯಾಮ ಎರಡು, ಬಿಂದುವಿನದು ಸೊನ್ನೆ. ವಡೆಯಲ್ಲಿ ಕದಲದ ಬಿಂದುವೇ ಇಲ್ಲ. ಆದ್ದರಿಂದ ಹೊಸ ಉದಾಹರಣೆ ಕೈಗೆ ಬಂದಾಗಲೆಲ್ಲ ಮೊದಲು ಗ್ರೂಪ್ ಯಾವುದು, ಕದಲದ ಬಿಂದುಗಳು ಎಲ್ಲಿ ಅಂತ ನೋಡು.

ನನಗೆ ತುಂಬಾ ಇಷ್ಟವಾದದ್ದು ಲಾಸನ್–ಯೌ ಅನ್ನು ತಿರುಗಿಸಿ ಬಳಸುವುದು. 9 ಆಯಾಮದ ಕೆಲವು ಎಕ್ಸಾಟಿಕ್ ಗೋಳಗಳಿಗೆ (ಬಗ್ಗಿಸಿ ಎಳೆದರೆ ಗೋಳವೇ, ಆದರೆ ನುಣುಪು ಕೆಡದಂತೆ ಮಾಮೂಲಿ ಗೋಳವಾಗಿಸಲು ಆಗದವು) ಪಾಸಿಟಿವ್ ಸ್ಕೇಲರ್ ಕರ್ವೇಚರ್ ಅಸಾಧ್ಯ ಅಂತ ಹಿಚಿನ್ ಅದೇ 1974ರಲ್ಲಿ ತೋರಿಸಿದರು. ಅಂದಮೇಲೆ ಅವುಗಳ ಮೇಲೆ ಎಸ್‌ಯು(2) ಚಲಿಸಲಾರದು! ಈ ವಾದವನ್ನು ನೀನೇ ಪೂರ್ತಿ ಬರೆದು, ಮುಂದಿನ ಪತ್ರದ ಜೊತೆ ಕಳಿಸು.

ನಿನ್ನ ಚಿಕ್ಕಪ್ಪ