ಕೋಡ್ ಬರೆಯುವ ಗೆಳೆಯನಿಗೆ, ಇವಾನ್ ಹಾವೆಲ್ ಬಗ್ಗೆ

ಪ್ರೀತಿಯ ಸುಮಂತ್,

ಹಗಲಿಡೀ ಕೋಡ್, ರಾತ್ರಿ ಪ್ರಬಂಧ. ಎರಡು ದೋಣಿಯಲ್ಲಿ ಕಾಲಿಟ್ಟ ಹಾಗಾಗಿದೆ, ಕೆಲಸ ಬಿಟ್ಟುಬಿಡಲೇ ಅಂತ ಕೇಳಿದ್ದೀಯ. ಬಿಡಬೇಡ ಅಂತಲೇ ನಾನು ಹೇಳುವುದು. ಯಾಕೆ ಅಂತ ಇವಾನ್ ಹಾವೆಲ್ ಅವರ ಬದುಕಿನಿಂದಲೇ ಹೇಳುತ್ತೇನೆ.

ಜೆಕ್ ನಾಟಕಕಾರ, ಆಮೇಲೆ ರಾಷ್ಟ್ರಾಧ್ಯಕ್ಷರಾದ ವಾತ್ಸ್ಲಾವ್ ಹಾವೆಲ್ ಹೆಸರು ಕೇಳಿರುತ್ತೀಯ. ಇವಾನ್ ಆ ವಾತ್ಸ್ಲಾವ್ ಅವರ ತಮ್ಮ. 1938ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿದವರು. 1971ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಕಂಪ್ಯೂಟರ್ ಸೈನ್ಸ್‌ನಲ್ಲಿ ಪಿಎಚ್‌ಡಿ ಮುಗಿಸಿದರು. ನಾವು ಬರೆದ ಕೋಡನ್ನು ಯಂತ್ರಕ್ಕೆ ಅರ್ಥವಾಗುವ ಹಾಗೆ ಅನುವಾದಿಸುವ ತಂತ್ರಾಂಶವೇ ಕಂಪೈಲರ್. ಅದಕ್ಕೆ ಬೇಕಾಗುವ ವ್ಯಾಕರಣಗಳೇ, ಅಂದರೆ ಕೋಡ್ ಭಾಷೆಯ ನಿಯಮಗಳೇ, ಅವರ ವಿಷಯ. ಅಲ್ಲೇ ಉಳಿಯಬಹುದಿತ್ತು, ಅಲ್ವಾ? ಸೋವಿಯತ್ ಸೇನೆ ಬೀಡುಬಿಟ್ಟಿದ್ದ ತಮ್ಮ ದೇಶಕ್ಕೇ ವಾಪಸ್ ಬಂದರು. ಕೆಲವು ವರ್ಷಗಳಲ್ಲಿ ಸಂಶೋಧನೆಯ ಕೆಲಸ ರಾಜಕೀಯ ಕಾರಣಕ್ಕೆ ಕೈತಪ್ಪಿತು. ಅಂಗವಿಕಲರ ಸಹಕಾರಿ ಸಂಸ್ಥೆಯೊಂದರಲ್ಲಿ ಪ್ರೋಗ್ರಾಮರ್ ಆಗಿ ಹೊಟ್ಟೆಪಾಡು ನೋಡಿಕೊಂಡರು. ತತ್ವಶಾಸ್ತ್ರದ ಚರ್ಚೆಗಳು ಮನೆಯಲ್ಲೇ ನಡೆಯುತ್ತಿದ್ದವು.

1979ರಲ್ಲಿ ಅಣ್ಣ ಕಮ್ಯುನಿಸ್ಟ್ ಸರ್ಕಾರವನ್ನು ವಿರೋಧಿಸಿದ್ದಕ್ಕೆ ಜೈಲು ಸೇರಿದರು. ವಾರಕ್ಕೆ ಒಂದೇ ಪತ್ರ, ನಾಲ್ಕೇ ಪುಟ. ಬರೆದದ್ದನ್ನು ಹೊಡೆದು ತಿದ್ದುವಂತಿಲ್ಲ, ಪರಭಾಷೆಯ ಪದ ಬಳಸುವಂತಿಲ್ಲ. ಅಂಥ ಅಣ್ಣನಿಗೆ ಇವಾನ್ ಏನು ಮಾಡಿದರು ಗೊತ್ತಾ? ತತ್ವಜ್ಞಾನಿ ಲೆವಿನಾಸ್ ಬರಹದ ಭಾಗಗಳನ್ನು ಪತ್ರದೊಳಗೇ ನಕಲು ಮಾಡಿ ಕಳಿಸಿದರು. ಓದಿದ ಅಣ್ಣ, ಮನುಷ್ಯನ ಹೊಣೆಗಾರಿಕೆ ಅಂದರೇನು ಅಂತ ಪತ್ರದ ಮೇಲೆ ಪತ್ರ ಬರೆದರು. ಹೆಂಡತಿ ಓಲ್ಗಾ ಹೆಸರಿಗೆ ಬಂದ ಆ ಪತ್ರಗಳೇ ಮುಂದೆ ಪುಸ್ತಕವಾದವು.

ಅಣ್ಣ ಶುರುಮಾಡಿದ್ದ ರಹಸ್ಯ ಪ್ರಕಾಶನವನ್ನು ಮುಂದುವರಿಸಲೂ ಇವಾನ್ ಹೆಗಲು ಕೊಟ್ಟರು. ಆ ಪ್ರಕಾಶನದಲ್ಲಿ ಪುಸ್ತಕ ಅಂದರೆ ತೆಳು ಹಾಳೆಗಳ ನಡುವೆ ಕಾರ್ಬನ್ ಇಟ್ಟು, ಟೈಪ್‌ರೈಟರ್ ಕೀಲಿಯನ್ನು ಜೋರಾಗಿ ಕುಟ್ಟುವುದು. ಕೆಳಗಿನ ಪ್ರತಿಗೆ ಹೋಗುವಷ್ಟರಲ್ಲಿ ಅಕ್ಷರ ಮಸುಕು. ಅದನ್ನೂ ಜನ ಕಣ್ಣು ಕಿರಿದು ಮಾಡಿಕೊಂಡು ಓದುತ್ತಿದ್ದರು.

ನೀನು ಲೈಕ್ ಎಷ್ಟು ಬಂತು ಅಂತ ಬರೆದಿದ್ದೆ. ಆ ಲೆಕ್ಕ ಬಿಡು. ನೀನು ಬರೆದದ್ದು ಸಿಕ್ಕರೆ ಯಾರಿಗೆ ನಿಜವಾಗಿ ಉಪಯೋಗ, ಅಂಥ ಒಬ್ಬರನ್ನು ಗೊತ್ತುಮಾಡಿಕೋ. ಅವರಿಗೆ ಬರೆ. ಬೇರೆಯವರ ಒಳ್ಳೆ ಬರಹ ಕಂಡರೆ ಅದನ್ನೂ ಅವರಿಗೆ ತಲುಪಿಸು. ಇದೂ ಬರಹಗಾರನ ಕೆಲಸವೇ. ನಮ್ಮಲ್ಲಿ ಇದಕ್ಕೆ ಬೆಲೆ ಕಡಿಮೆ, ಅದು ನನಗೆ ಬೇಜಾರು.

ಕಮ್ಯುನಿಸ್ಟ್ ಆಡಳಿತವನ್ನು ಕೆಳಗಿಳಿಸಿದ 1989ರ ಕ್ರಾಂತಿಯ ನಂತರವೂ ಇವಾನ್ ತಮ್ಮ ವಿದ್ಯೆ ಬಿಡಲಿಲ್ಲ. 1990ರಿಂದ 2019ರವರೆಗೆ 'ವೆಸ್ಮೀರ್' ಅನ್ನುವ ವಿಜ್ಞಾನ ಪತ್ರಿಕೆಯ ಸಂಪಾದಕರಾಗಿದ್ದರು. 1871ರಲ್ಲಿ ಹುಟ್ಟಿದ ಪತ್ರಿಕೆ ಅದು. ಮನಸ್ಸು, ಕಾಲ, ಕೃತಕ ಬುದ್ಧಿಮತ್ತೆ ಎಲ್ಲದರ ಬಗ್ಗೆ ಸಾಮಾನ್ಯ ಓದುಗರಿಗಾಗಿ ಬರೆದರು. 2021ರಲ್ಲಿ ತೀರಿಕೊಂಡರು.

ನೀನು ಕಳಿಸಿದ ಮಳೆಯ ಪ್ರಬಂಧ ಚೆನ್ನಾಗಿದೆ. ಆದರೆ ಅಂಥದ್ದನ್ನು ಬರೆಯೋರು ಜಾಸ್ತಿ ಇದ್ದಾರೆ. ಕಂಪೈಲರ್ ನಿನ್ನ ಒಂದು ಸಾಲನ್ನು ಹೇಗೆ ಬಿಡಿಸಿ ಓದುತ್ತದೆ ಅಂತ ನಿನಗೆ ಗೊತ್ತು, ನನಗೆ ಗೊತ್ತಿಲ್ಲ. ಮುಂದಿನ ಸಲ ಅದನ್ನು ನನಗೆ ಅರ್ಥವಾಗುವ ಹಾಗೆ ಕನ್ನಡದಲ್ಲಿ ಬರೆದು ಕಳಿಸು.

ನಿನ್ನ,
ಮೇಷ್ಟ್ರು