ನಲಿಕಲಿ ಕೋಣೆಯ ಗಾಳಿ ಪೆಟ್ಟಿಗೆ: ಪೋಷಕರಿಗೆ ಪತ್ರ

ಮಾನ್ಯ ಪೋಷಕರಿಗೆ ನಮಸ್ಕಾರಗಳು.

ದೂಳಿನ ತೊಂದರೆಗೆಂದು ನೀವೆಲ್ಲ ಕೂಡಿಸಿಕೊಟ್ಟ ಹಣದಲ್ಲಿ ಏರ್ ಪ್ಯೂರಿಫೈಯರ್ ಕೊಳ್ಳದೆ ಗಾಳಿ ಸೋಸುವ ಪೆಟ್ಟಿಗೆಯನ್ನು ಶಾಲೆಯಲ್ಲೇ ಏಕೆ ಮಾಡಿದಿರಿ ಎಂದು ಕಳೆದ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಹಲವರು ಕೇಳಿದಿರಿ. ಕೇಳುವುದು ನಿಮ್ಮ ಹಕ್ಕು. ಅಂದು ಸಮಯ ಸಾಲಲಿಲ್ಲ, ಆದ್ದರಿಂದ ಈ ಪತ್ರ.

ಚಿಕ್ಕಬಳ್ಳಾಪುರದ ಸುತ್ತಲಿನ ಕಲ್ಲು ಕ್ವಾರಿ, ಕ್ರಷರ್‌ಗಳು ನಮಗೆ ಹೊಸದಲ್ಲ. ನಿಮ್ಮಲ್ಲಿ ಎಷ್ಟೋ ಮನೆಗಳ ಒಲೆ ಉರಿಯುವುದೇ ಅಲ್ಲಿನ ಕೂಲಿಯಿಂದ. ಆದರೆ ಜಲ್ಲಿ ತುಂಬಿದ ಟಿಪ್ಪರ್‌ಗಳು ಓಡುವ ರಸ್ತೆಗೆ ನಮ್ಮ ನಲಿಕಲಿ ಕೋಣೆಯ ಕಿಟಕಿಗಳು ಮುಖ ಮಾಡಿವೆ. ಪ್ರಾರ್ಥನೆಗೆ ಮುಂಚೆ ಒರೆಸಿದ ಮೇಜಿನ ಮೇಲೆ ಬಿಸಿಯೂಟದ ಹೊತ್ತಿಗೆ ಮಕ್ಕಳು ಬೆರಳಿನಿಂದ ಅ, ಆ ಬರೆಯುತ್ತಾರೆ. ಹಾಗೆ ಕಾಣುವ ದೂಳಿಗಿಂತ ಕಾಣದ ದೂಳಿನದೇ ನನಗೆ ಚಿಂತೆ. 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳು, ಅಂದರೆ ತಲೆಗೂದಲಿನ ದಪ್ಪದ ಸುಮಾರು ಇಪ್ಪತ್ತೈದನೇ ಒಂದು ಪಾಲಿನವು, ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಕಲ್ಲಿನ ದೂಳಾದರೆ ಅದರಲ್ಲಿ ಶ್ವಾಸಕೋಶಕ್ಕೆ ಹಾನಿ ಮಾಡುವ ಸಿಲಿಕಾ ಕೂಡ ಇರುತ್ತದೆ.

ಅಂಗಡಿಯ ಪ್ಯೂರಿಫೈಯರ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅದರೊಳಗಿನ ಹೆಪಾ ಎಂಬ ಅತಿ ದಟ್ಟ ಫಿಲ್ಟರ್ 0.3 ಮೈಕ್ರಾನ್ ಕಣಗಳಲ್ಲೂ 99.97% ಹಿಡಿಯುತ್ತದೆ. ಆದರೆ ನಾವು ವಿಚಾರಿಸಿದವು ಒಂದು ಮಲಗುವ ಕೋಣೆಗೆ ಸಾಕಾಗುವಂಥವು. ಮೂವತ್ತು ಮಕ್ಕಳ ತರಗತಿಗೆ ಎರಡು ಮೂರು ಬೇಕು, ಫಿಲ್ಟರ್ ಬದಲಿಸಲು ಅದೇ ಕಂಪನಿಯನ್ನೇ ಕಾಯಬೇಕು.

2020ರಲ್ಲಿ, ಕೋವಿಡ್ ಕಾಲದಲ್ಲಿ, ಅಮೆರಿಕದ ಎಂಜಿನಿಯರಿಂಗ್ ಪ್ರಾಧ್ಯಾಪಕ ರಿಚರ್ಡ್ ಕೊರ್ಸಿ ಒಂದು ಸರಳ ಉಪಾಯ ಸೂಚಿಸಿದರು. ಫಿಲ್ಟರ್ ತಯಾರಕ ಜಿಮ್ ರೋಸೆಂಥಾಲ್ ಅದನ್ನು ಮಾಡಿ ತೋರಿಸಿದರು. ದೊಡ್ಡ ಕಟ್ಟಡಗಳ ಎಸಿಗೆ ಬಳಸುವ, ನೆರಿಗೆಯಂತೆ ಮಡಚಿದ ಮರ್ವ್-13 ದರ್ಜೆಯ (ಮರ್ವ್ ಎಂದರೆ ಫಿಲ್ಟರ್ ಎಷ್ಟು ಚೆನ್ನಾಗಿ ಸೋಸುತ್ತದೆಂಬ ಅಳತೆ) ನಾಲ್ಕು ಫಿಲ್ಟರ್‌ಗಳನ್ನು ನಾಲ್ಕು ಗೋಡೆಗಳಂತೆ ನಿಲ್ಲಿಸಿ, ತಳಕ್ಕೆ ರಟ್ಟು, ಮೇಲೆ ಫ್ಯಾನ್. ಫ್ಯಾನ್ ಗಾಳಿಯನ್ನು ಮೇಲಕ್ಕೆ ದೂಡಿದಾಗ ಕೋಣೆಯ ಗಾಳಿ ನಾಲ್ಕೂ ಕಡೆಯಿಂದ ಸೋಸಿಕೊಂಡು ಒಳಗೆ ಬರುತ್ತದೆ. ಈ ದರ್ಜೆಯ ಫಿಲ್ಟರ್ ಅತಿ ಸಣ್ಣ ಕಣಗಳಲ್ಲಿ ಕನಿಷ್ಠ ಅರ್ಧವನ್ನು, 1ರಿಂದ 3 ಮೈಕ್ರಾನ್ ಗಾತ್ರದವುಗಳಲ್ಲಿ 85% ಹಿಡಿಯುತ್ತದೆ. ಹೆಪಾಗಿಂತ ಕಡಿಮೆಯೇ ನಿಜ. ಆದರೆ ನಾಲ್ಕು ಫಿಲ್ಟರ್‌ಗಳ ಹರವು ದೊಡ್ಡದಾದ್ದರಿಂದ ಫ್ಯಾನ್‌ಗೆ ತಡೆ ಕಡಿಮೆ, ಗಾಳಿ ಹೆಚ್ಚು ಹರಿಯುತ್ತದೆ, ಅದೇ ಗಾಳಿ ಮತ್ತೆ ಮತ್ತೆ ಸೋಸಿಕೊಳ್ಳುತ್ತದೆ. ತರಗತಿಯಂಥ ಕೋಣೆಗೆ ಇದೇ ಮುಖ್ಯ.

ನಮ್ಮ ಪೆಟ್ಟಿಗೆಗೆ ಎಕ್ಸಾಸ್ಟ್ ಫ್ಯಾನನ್ನು ಪ್ಲೈವುಡ್‌ಗೆ ಬಿಗಿದೆವು. ವೈರಿಂಗ್ ಕೆಲಸವನ್ನು ಪೋಷಕರಲ್ಲೊಬ್ಬರಾದ ಎಲೆಕ್ಟ್ರಿಷಿಯನ್ ಮಾಡಿಕೊಟ್ಟರು, ರೆಕ್ಕೆಗಳಿಗೆ ಜಾಲರಿ ಹಾಕಿದರು. ಫಿಲ್ಟರ್ ಮೇಲಿನ ಬಾಣದ ಗುರುತು ಪೆಟ್ಟಿಗೆಯ ಒಳಕ್ಕೆ ಇರಬೇಕೆಂದು ಏಳನೇ ತರಗತಿಯ ಮಕ್ಕಳೇ ನೋಡಿ ಜೋಡಿಸಿದರು. ಕೊನೆಗೆ ಒಬ್ಬಳು ಊದುಬತ್ತಿ ಹಚ್ಚಿ ಅಂಚುಗಳ ಉದ್ದಕ್ಕೂ ಹಿಡಿದಳು. ಒಂದು ಮೂಲೆಯಲ್ಲಿ ಹೊಗೆ ಎಳೆಯಾಗಿ ಸಂದಿಯೊಳಕ್ಕೆ ನುಗ್ಗಿತು. ಸೋಸದ ಗಾಳಿ ಅಲ್ಲಿಂದಲೇ ಹೋಗುತ್ತಿತ್ತು; ಟೇಪ್ ಸುತ್ತಿದ ಮೇಲೆ ನಿಂತಿತು. ಬೆಳ್ಳಗಿದ್ದ ಫಿಲ್ಟರ್ ಮೂರು ವಾರಕ್ಕೆ ಒಲೆಯ ಬೂದಿಯ ಬಣ್ಣಕ್ಕೆ ತಿರುಗಿದೆ. ದಯವಿಟ್ಟು ಒಮ್ಮೆ ಬಂದು ನೋಡಿ. ಅದನ್ನು ಕಂಡ ದಿನ ನನಗೆ ಊಟ ಸೇರಲಿಲ್ಲ.

ಈ ಪೆಟ್ಟಿಗೆ ಹೊಗೆಯಲ್ಲಿನ ವಿಷಾನಿಲವನ್ನಾಗಲಿ, ಮಕ್ಕಳ ಉಸಿರಿನಿಂದ ಕೂಡುವ ಇಂಗಾಲದ ಡೈಆಕ್ಸೈಡನ್ನಾಗಲಿ ತೆಗೆಯುವುದಿಲ್ಲ. ಆದ್ದರಿಂದ ಟಿಪ್ಪರ್ ಓಡಾಟದ ಹೊತ್ತಿನಲ್ಲಿ ರಸ್ತೆ ಕಡೆಯ ಕಿಟಕಿ ಮುಚ್ಚಿ, ಪ್ರತಿ ಗಂಟೆ ಹೊಡೆದಾಗ ಸ್ವಲ್ಪ ಹೊತ್ತು ತೆರೆಯುತ್ತೇವೆ. ಉಬ್ಬಸವಿರುವ ಮಕ್ಕಳ ಇನ್‌ಹೇಲರ್ ಅನ್ನು ಇದನ್ನು ನಂಬಿ ನಿಲ್ಲಿಸಬೇಡಿ, ಚೀಲದಲ್ಲಿಟ್ಟು ಕಳುಹಿಸಿ. ಶಾಲೆಯ ಹಿಂದಿನ ಖಾಲಿ ಜಾಗದಲ್ಲಿ ಕಸಕ್ಕೆ ಬೆಂಕಿ ಹಚ್ಚುವುದನ್ನು ಎಲ್ಲರೂ ಸೇರಿ ತಡೆಯೋಣ. ರಸ್ತೆಗೆ ನೀರು ಚಿಮುಕಿಸಬೇಕು, ಲಾರಿಗಳಿಗೆ ಟಾರ್ಪಾಲು ಹೊದಿಸಬೇಕು ಎಂದು ಪಂಚಾಯಿತಿಗೆ ಮನವಿ ಬರೆದಿದ್ದೇನೆ. ನಿಮ್ಮ ಸಹಿಗಳು ಬೇಕು.

ಖರ್ಚಿನ ರಸೀದಿಗಳನ್ನು ಸೂಚನಾ ಫಲಕದಲ್ಲಿ ಅಂಟಿಸಿದೆ. ಉಳಿದ ಹಣದಲ್ಲಿ ನಾಲ್ಕನೇ ತರಗತಿಗೆ ಇನ್ನೊಂದು ಪೆಟ್ಟಿಗೆಯನ್ನು ಈ ಶನಿವಾರ ಶಾಲೆ ಬಿಟ್ಟ ಮೇಲೆ ಕಟ್ಟುತ್ತೇವೆ. ಮನೆಯಲ್ಲಿ ಟಿವಿ ಅಥವಾ ಫ್ರಿಜ್ ಬಂದ ದಪ್ಪ ರಟ್ಟಿನ ಪೆಟ್ಟಿಗೆ ಇದ್ದರೆ ತನ್ನಿ.

ಇತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ