ಹೂಳಿಗೆ ಮೊದಲು ರಾಜಕಾಲುವೆ ನೋಡಿ

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ಕೋಲಾರ ಸೀಮೆಯ ಹಳ್ಳಿ ಕೆರೆಗಳ ಅಂಗಳಕ್ಕೆ ಹೂಳೆತ್ತಲು ಜೆಸಿಬಿ ಇಳಿಯುತ್ತದೆ. ವರ್ಷವಿಡೀ ಹರಿಯುವ ಹೊಳೆ ಇಲ್ಲಿಲ್ಲ. ಮೇಲಿನ ಕೆರೆ ತುಂಬಿ, ಹೆಚ್ಚಾದ ನೀರು ಕೋಡಿಯಲ್ಲಿ ಹರಿದರೆ ಕೆಳಗಿನ ಕೆರೆಗೆ ನೀರು. ನಡುವಿನ ರಾಜಕಾಲುವೆಯಲ್ಲಿ ಜಾಲಿ ಬೆಳೆದು, ಅರ್ಧ ಹೊಲಕ್ಕೆ ಸೇರಿ, ರಸ್ತೆಯಡಿ ಒಂದು ಸಣ್ಣ ಪೈಪು ಕೂತಿದ್ದರೆ ಕೆರೆ ಎಷ್ಟು ಆಳವಾದರೇನು?

ಒಂದು ಎಕರೆಯಲ್ಲಿ ಒಂದಡಿ ಹೂಳೆಂದರೆ 43,560 ಘನ ಅಡಿ. 100 ಘನ ಅಡಿ ಹಿಡಿಯುವ ಟ್ರೈಲರಿಗೆ ಸುಮಾರು 435 ಲೋಡು. 20 ಎಕರೆಯ ಕೆರೆಗೆ 8,700 ಲೋಡು! ಮಣ್ಣು ಹೊಡೆಸಿಕೊಳ್ಳುವ ಹೊಲಗಳ ಪಟ್ಟಿ ಮೊದಲೇ ಆಗದಿದ್ದರೆ ಅದು ಅಂಗಳದಂಚಿನಲ್ಲೇ ಗುಡ್ಡೆ ಬಿದ್ದು ಮೊದಲ ಮಳೆಗೆ ವಾಪಸು ಬರುತ್ತದೆ.

ಅಗೆಯುವ ಜಾಗವೂ ತಪ್ಪು. ಟ್ರ್ಯಾಕ್ಟರಿಗೆ ದಾರಿ ಹತ್ತಿರವೆಂದು ಏರಿಯ, ಅಂದರೆ ಕೆರೆಕಟ್ಟೆಯ, ಬುಡದಲ್ಲೇ ಗುಂಡಿ ತೋಡುತ್ತಾರೆ. ಅಲ್ಲಿನ ಜೇಡಿ ಪದರ ಕಿತ್ತರೆ ನೀರು ಏರಿಯಡಿ ಜಿನುಗಿ, ಹೊರಮೈ ನೆನೆದು ಕುಸಿಯುತ್ತದೆ. ಗದ್ದೆಗೆ ನೀರು ಬಿಡುವ ತೂಬಿನ ಮಟ್ಟಕ್ಕಿಂತ ಕೆಳಗೆ ನಿಂತ ನೀರು ದನಕರುಗಳಿಗೆ, ಬೋರ್‌ವೆಲ್‌ಗಳಿಗೆ ಆದೀತು. ಕೆರೆ ನೀರನ್ನೇ ನಂಬಿದ ಅಚ್ಚುಕಟ್ಟಿನ ಗದ್ದೆಗೆ ಹರಿಯುವುದಿಲ್ಲ.

ಏರಿಯ ಮೇಲಿನ ಜಾಲಿಯನ್ನು ಬರೀ ಕಡಿದು ಬಿಡುವುದೂ ಅಪಾಯವೇ. ಒಳಗೆ ಬೇರು ಕೊಳೆತ ಜಾಗ ಕೊಳವೆಯಾಗುತ್ತದೆ. ಗಿಡ ಎಳೆಯದಾಗಿರುವಾಗಲೇ ಬುಡಸಮೇತ ಕಿತ್ತು, ಜೇಡಿಮಣ್ಣನ್ನು ಅರ್ಧರ್ಧ ಅಡಿ ಹಾಕಿ, ನೀರು ಚಿಮುಕಿಸಿ ದಿಮ್ಮಸು ಹೊಡೆಯಬೇಕು. ಏಡಿ, ಹೆಗ್ಗಣದ ಬಿಲಗಳಿಗೂ ಇದೇ ಮದ್ದು.

ಎಲ್ಲಕ್ಕಿಂತ ಭಯ ಕೋಡಿಯದು. ನೀರು ಹೆಚ್ಚು ನಿಲ್ಲಲೆಂದು ಕೆಲವರು ಮರಳುಮೂಟೆ ಜೋಡಿಸುತ್ತಾರೆ, ಮೀನು ಹರಾಜು ಹಿಡಿದವರು ಬಲೆ ಕಟ್ಟುತ್ತಾರೆ. ಬಲೆಗೆ ಕಸಕಡ್ಡಿ ಸಿಕ್ಕಿಕೊಂಡರೆ ಅದೂ ಗೋಡೆಯೇ. ಕೋಡಿ ಒಂದಡಿ ಎತ್ತರವಾದರೆ ಏರಿಯ ನೆತ್ತಿಗೂ ನೀರಿಗೂ ಇರುವ ಅಂತರ ಅಷ್ಟೇ ಕಡಿಮೆಯಾಗುತ್ತದೆ. ಜಡಿಮಳೆಯ ಒಂದು ರಾತ್ರಿ ನೀರು ಏರಿ ಹತ್ತಿ ಹರಿದರೆ ಮಣ್ಣಿನ ಕಟ್ಟೆ ತಡೆಯುವುದಿಲ್ಲ. ಹಿಂದೆ ರಾತ್ರಿ ಕೋಡಿ ಕಾಯಲು ನೀರುಗಂಟಿ ಇರುತ್ತಿದ್ದ. ಈಗ ಮೂಟೆ ತೆಗೆಸುವ ಹೊಣೆ ಯಾರದೆಂದೇ ಗೊತ್ತಿಲ್ಲ. 40 ಹೆಕ್ಟೇರ್‌ವರೆಗಿನ ಅಚ್ಚುಕಟ್ಟಿನ ಕೆರೆ ಪಂಚಾಯತ್‌ರಾಜ್‌ಗೆ, ಅದಕ್ಕೂ ದೊಡ್ಡದು ಸಣ್ಣ ನೀರಾವರಿಗೆ, ಒತ್ತುವರಿ ತೆರವು ಕಂದಾಯ ಇಲಾಖೆಗೆ.

ಗ್ರಾಮ ನಕ್ಷೆಯಲ್ಲಿ ಕಾಲುವೆಯ ಗೆರೆ ಇನ್ನೂ ಇದೆ. ಮುಂಗಾರಿಗೆ ಮುಂಚೆ ಮೂರೂ ಇಲಾಖೆಯವರು ಒಟ್ಟಿಗೆ ಬಂದು ಅಳೆದು ಕಲ್ಲು ನೆಡಲಿ, ಕೋಡಿ ಬಿಡಿಸಲಿ, ತೂಬು ಸರಿಪಡಿಸಲಿ. ಅಲ್ಲಿಯತನಕ ಹೂಳಿನ ಬಿಲ್ಲಿಗೆ ಸಹಿ ಬೇಡ.

– ಕೆರೆ ಅಚ್ಚುಕಟ್ಟುದಾರರು, ಕೋಲಾರ ಜಿಲ್ಲೆ